ಬಾವಿ ಹಸಿರಾದ ವರ್ಷ

ತೋಟದ ಮನೆ, ತೇರದಾಳ
18 ಫೆಬ್ರವರಿ 2007

ಉಜ್ವಲಾ,

ಅವ್ವನ ಆಶೀರ್ವಾದ. ಫೋನು ಬಿಟ್ಟು ಕಾಗದ ಬರೆದಳಲ್ಲ ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಇರುವುದು ಪಡಸಾಲೆಯಲ್ಲಿ, ನಿಮ್ಮಪ್ಪನ ತಲೆದಿಂಬಿನ ಪಕ್ಕ. ಅದರಲ್ಲಿ ಮಾತಾಡುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ. ಇದು ಡಂಗುರದ ಮಾತಲ್ಲ.

ನಮ್ಮ ಬಾವಿ ಕೆಟ್ಟಿದೆ.

ಬೆಳಿಗ್ಗೆ ಬಗ್ಗಿ ನೋಡಿದರೆ ನೀರಿನೊಳಗಿನ ಮೆಟ್ಟಿಲ ಬಿರುಕು ಕೂಡ ಕಾಣುತ್ತಿತ್ತಲ್ಲ, ಆ ಬಾವಿ. ಊರೆಲ್ಲ ಬತ್ತಿದ ಬರಗಾಲದಲ್ಲೂ ಅದು ತಳ ತೋರಿಸಿದ್ದಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೀರು ಮಬ್ಬಾಯಿತು. ಆಮೇಲೆ ಹಸಿರಾಯಿತು. ಈಗ ಕೊಡ ಇಳಿಸಿದರೆ ಲೋಳೆ ಹತ್ತಿಕೊಂಡು ಬರುತ್ತದೆ, ವಾಸನೆಯೂ ಇದೆ. ಬಾವಿಯಲ್ಲಿದ್ದ ಸಣ್ಣ ಮೀನುಗಳು ಒಂದೊಂದಾಗಿ ಮೇಲೆ ತೇಲುತ್ತಿವೆ. ನಾನು ನೋಡಲಾರದೆ ಒಳಗೆ ಬರುತ್ತೇನೆ.

ಯಾವ ವರ್ಷ ಕೆಡಬಾರದೋ ಅದೇ ವರ್ಷ ಕೆಟ್ಟಿತು. ಈ ಸಲ ಮುನಿ ಮಹಾರಾಜರ ಚಾತುರ್ಮಾಸ ನಮ್ಮೂರಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಅವರು ಇಲ್ಲೇ ಇರುತ್ತಾರೆ. ದಿನಕ್ಕೊಂದೇ ಹೊತ್ತು ಅವರು ತೆಗೆದುಕೊಳ್ಳುವ ಆಹಾರ ತೆರೆದ ಬಾವಿಯ ನೀರಿನಲ್ಲೇ ಆಗಬೇಕು. ನಳದ್ದು, ಬೋರಿನದು ನಡೆಯದು ಎಂಬುದು ನಿನಗೆ ಗೊತ್ತಿದ್ದದ್ದೇ. ಬೋರು ಬಂದ ಮೇಲೆ ಉಳಿದವರೆಲ್ಲ ತಮ್ಮ ಬಾವಿಗಳಿಗೆ ಕಸ ಸುರಿದರು. ಉಳಿದದ್ದು ನಮ್ಮದೊಂದೇ. ಬಸದಿಯ ಪಂಚರು ಬಂದು, 'ಊರ ಮಾನ ನಿಮ್ಮ ಬಾವ್ಯಾಗ ಐತಿ, ಕಮಲಕ್ಕಾ' ಎಂದು ಹೇಳಿ ಹೋಗಿದ್ದಾರೆ. ಆ ಮಾನಕ್ಕೆ ಈಗ ಪಾಚಿ ಕಟ್ಟಿದೆ.

ನಿನ್ನ ತಮ್ಮನ ಹೆಂಡತಿ ತ್ರಿಶಲಾ ಬನಹಟ್ಟಿಗೆ, ತವರಿಗೆ ಹೋಗಿದ್ದಾಳೆ. ಹೋಗಿದ್ದಾಳೆ ಅಂದರೆ, ನಾನೇ ಹೋಗು ಅಂದೆ. ಹೋದ ಶ್ರಾವಣದಲ್ಲಿ ನೀರಿನ ಕೆಲಸವನ್ನು ಅವಳ ಕೈಗೆ ಒಪ್ಪಿಸಿದ್ದೆ. ನಳದ ನೀರು ಕುಡಿದು ಬೆಳೆದ ಹುಡುಗಿ. ವರ್ಷ ತುಂಬುವುದರೊಳಗೆ ಬಾವಿ ಹೀಗಾಗಿದೆ. ಬಸದಿಯ ಹೆಂಗಸರು ನೀರು ನೋಡಲು ಬಂದ ದಿನ ಅವರೆದುರೇ ನನ್ನ ಬಾಯಿಂದ ಬಂದುಬಿಟ್ಟಿತು: 'ನಿನ್ನ ಕೈ ಹತ್ತಿದ ಮ್ಯಾಲೇ ಬಾವಿ ಕೆಟ್ಟೈತಿ. ಅದು ತಿಳಿ ಆಗೂತನಕಾ ತವರಾಗ ಇರು, ಹೋಗು.' ಅವಳು ಒಂದು ಮಾತೂ ತಿರುಗಿ ಆಡಲಿಲ್ಲ. ಕಪಿಲ ತಾಟಿನ ಮುಂದೆ ಮುಖ ಊದಿಸಿಕೊಂಡು ಕೂಡುತ್ತಾನೆ; ಹೊತ್ತು ಮುಳುಗುವುದರೊಳಗೆ ಉಣ್ಣು ಎಂದು ಅವನಿಗೆ ದಿನಾ ಹೇಳಬೇಕಾಗಿದೆ.

ವಿಜ್ಞಾನ ಕಲಿಸುವವಳು ನೀನು. ಒಂದು ಜೀವವೂ ಸಾಯದಂತೆ ನೀರು ತಿಳಿಯಾಗುವ ಔಷಧಿ ಇದ್ದರೆ ತಿಳಿಸು.

ಒಬ್ಬಳೇ ಇರುತ್ತೀ. ಬಾಗಿಲ ಚಿಲಕ ಸರಿ ಇದೆಯೇ?

ನಿನ್ನ ಅವ್ವ,
ಕಮಲಾಬಾಯಿ


ಬೀಳಗಿ
4 ಮಾರ್ಚ್ 2007

ಅವ್ವಾ,

ಚಿಲಕ ಸರಿ ಇದೆ. ಒಬ್ಬಳೇ ಇರತೊಡಗಿ ನಾಲ್ಕು ವರ್ಷವಾಯಿತು. ಚಿಲಕ ನಿನಗೆ ಈಗ ನೆನಪಾದದ್ದಕ್ಕೂ ಸಂತೋಷವೇ.

ನೀನು ಕೇಳಿದಂಥ ಔಷಧಿ ನನಗೆ ಗೊತ್ತಿಲ್ಲ. ಇದ್ದರೆ ಅದನ್ನು ಕಂಡುಹಿಡಿದವನನ್ನು ನಿಮ್ಮ ಬಸದಿಯಲ್ಲೇ ಕೂರಿಸಬೇಕಾಗುತ್ತಿತ್ತು. ಆದರೆ ಇಷ್ಟು ಹೇಳಬಲ್ಲೆ: ಅಷ್ಟು ವರ್ಷ ತಿಳಿಯಾಗಿದ್ದ ಬಾವಿ ಒಬ್ಬ ಹುಡುಗಿಯ ಕೈ ಸೋಕಿ ಕೆಡುವುದಿಲ್ಲ. ಅದರೊಳಗೆ ತಿನ್ನುವವರು, ತುತ್ತಾಗುವವರು, ಸತ್ತದ್ದನ್ನು ಗುಡಿಸುವವರು ಎಲ್ಲ ಇರುತ್ತಾರೆ. ನಮ್ಮ ಮನೆಯಲ್ಲಿ ಯಾರು ಯಾವ ಮಣೆಯ ಮೇಲೆ ಕೂಡಬೇಕೆಂದು ನೀನು ಗೊತ್ತು ಮಾಡಿದ್ದೀಯಲ್ಲ, ಹಾಗೆ ಅವರೂ ಮಾಡಿಕೊಂಡಿರುತ್ತಾರೆ. ಅಲ್ಲಿಗೆ ಹೊಸಬರು ಯಾರೋ ಬಂದಿರಬೇಕು. ಹೋದ ವರ್ಷದಿಂದ ಬಾವಿಗೆ ಹೊಸದಾಗಿ ಏನು ಬಿದ್ದಿದೆ, ಏನು ಹರಿದಿದೆ, ಯಾರು ಏನು ತೊಳೆದಿದ್ದಾರೆ, ಯೋಚಿಸಿ ಬರೆ. ಬೆಲ್ಲದ ಟೆಂಪೋ ಓಡಿಸುವ ನಿಂಗಣ್ಣ ಈ ದಾರಿಯಲ್ಲೇ ಬಾಗಲಕೋಟೆಗೆ ಹೋಗುತ್ತಾನೆ. ಅವನ ಕೈಯಲ್ಲಿ ಒಂದು ಬಾಟಲಿ ಬಾವಿಯ ನೀರು ಕಳಿಸು.

ಇನ್ನೊಂದು ಮಾತು. ಬರೆಯಬಾರದು ಅಂದುಕೊಂಡೇ ಕೂತೆ. ತ್ರಿಶಲಾಳನ್ನು ಕಳಿಸಿದ್ದು ಓದಿದಾಗ ನನಗೆ ಮುಧೋಳ ಬಿಟ್ಟು ಬಂದ ದಿನ ನೆನಪಾಯಿತು. ಗಂಡನ ಮನೆಯಿಂದ ಚೀಲ ಹಿಡಿದು ಹೊರಟವಳು ನಿನಗೆ ಫೋನು ಮಾಡಿದೆ. ನೀನು ಹೇಳಿದ್ದು, 'ಕತ್ತಲಾದ ಮ್ಯಾಲಿನ ಬಸ್ಸಿಗೆ ಬಾ. ಹಗಲಿನ್ಯಾಗ ಬಸ್ ನಿಲ್ಲೂ ಕಟ್ಟಿ ಮ್ಯಾಲ ಮಂದಿ ಕುಂತಿರ್ತಾರ.' ಬಂದೆ. ಎರಡು ದಿನ ಒಳಕೋಣೆಯಲ್ಲಿದ್ದೆ. ನೀನು ಮತ್ತೆ ಕತ್ತಲ ಬಸ್ಸಿಗೇ ಕಳಿಸಿದೆ. 'ನಿಂತ ನೀರು ಕಲಕಬಾರದು' ಅಂದೆ. ಅಂದಿನಿಂದ ನಾನು ತೇರದಾಳದ ಬಸ್ಸು ಹತ್ತಿಲ್ಲ, ನೀನೂ ಹತ್ತು ಅಂದಿಲ್ಲ.

ಬಾಟಲಿ ಮರೆಯಬೇಡ.

ಉಜ್ವಲಾ


ತೇರದಾಳ
9 ಏಪ್ರಿಲ್ 2007

ಉಜ್ವಲಾ,

ನೀರಿನ ಕಾಗದದಲ್ಲಿ ಬಸ್ಸಿನ ಮಾತೇಕೆ? ಕೇಳಿದ್ದೊಂದು, ಹೇಳಿದ್ದೊಂದು. ಕೆಲವು ಮಾತು ಉಗುಳಿದರೂ ಕಷ್ಟ, ನುಂಗಿದರೂ ಕಷ್ಟ. ನಾನು ನುಂಗಿಕೊಂಡು ಕೂತಿದ್ದೇನೆ, ನೀನೂ ಹಾಗೇ ಇರು.

ನಿಂಗಣ್ಣನ ಕೈಯಲ್ಲಿ ಬಾಟಲಿ ಕಳಿಸಿದ್ದೇನೆ. ಬೆಲ್ಲದ ಪೆಂಟೆಗಳ ನಡುವೆ ಇಟ್ಟುಕೊಂಡು ಹೋದ. 'ಇದೇನ್ರಿ ಅಮ್ಮಾರ, ಗಿಡಮೂಲಿಕಿ ಕಷಾಯ ಏನು?' ಎಂದು ಕೇಳಿದ. ಹೌದಪ್ಪಾ, ಕುಡಿದೀಯ ಜೋಕೆ, ಅಂದೆ.

ಬಾವಿಗೆ ಹೊಸದೇನು ಬಿತ್ತೆಂದು ಕೇಳಿದೆಯಲ್ಲ. ಏನೂ ಬಿದ್ದಿಲ್ಲ. ನಾನು ಮಾಡುವುದು ಅತ್ತೆ ಮಾಡಿದ್ದೇ, ಅವರ ಅತ್ತೆ ಮಾಡಿದ್ದೇ. ನೀರು ಸೇದುವುದು, ಎರಡು ಮಡಿಕೆಯ ಅರಿವೆಯಲ್ಲಿ ಸೋಸುವುದು, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮರಳಿ ಬಾವಿಯ ನೀರಿನ ಮಟ್ಟಕ್ಕೇ ಇಳಿಸಿ ಮೆಲ್ಲಗೆ ಬಿಡುವುದು. ಮೇಲಿನಿಂದ ಎತ್ತಿ ಸುರಿದವರಲ್ಲ ನಾವು.

ಅಷ್ಟೇಕೆ, ಹೊಳೆಯ ನೀರಿಗೂ ನಾನು ನೇಮ ತಪ್ಪಿಸಿಲ್ಲ. ಹಿಪ್ಪರಗಿಯಲ್ಲಿ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಮೇಲೆ ಬೇಸಿಗೆಯಲ್ಲೂ ಹೊಳೆ ತುಂಬಿರುತ್ತದೆಂದು ಕಪಿಲ ಹೋದ ವರ್ಷ ನಾಲ್ಕು ಜನರ ಜೊತೆ ಸೇರಿ ಕಬ್ಬಿಗೆ ಪೈಪು ಎಳೆಸಿದ. ದನದ ಕೊಟ್ಟಿಗೆಯ ಹತ್ತಿರ ಆ ನೀರು ತುಂಬಲು ಟಾಕಿಯನ್ನೂ ಕಟ್ಟಿಸಿದ. ದನಕ್ಕೆ, ಪಾತ್ರೆಗೆ, ಬಟ್ಟೆಗೆ ಈಗ ಅದೇ ನೀರು. ದನ ಕುಡಿಯುವ ನೀರೆಂದು ಸೋಸದೆ ಬಿಡಲಾದೀತೇ? ಸೋಸುತ್ತೇವೆ. ಆ ಜೀವಗಳನ್ನು ಟಾಕಿಗೆ ಮರಳಿ ಬಿಟ್ಟರೆ ಬಿಸಿಲಿಗೆ ಕುದ್ದು ಹೋಗುತ್ತವೆ. ಹೊಳೆ ಎಲ್ಲಿ, ನಾವೆಲ್ಲಿ? ಅದಕ್ಕೆ ಅವನ್ನೂ ನಮ್ಮ ಬಾವಿಗೇ ಬಿಡುತ್ತೇವೆ. ಬಡಪಾಯಿಗಳು, ತಂಪಿನಲ್ಲಿರಲಿ. ಇಷ್ಟು ನಡೆದುಕೊಳ್ಳುವ ಮನೆಯ ಬಾವಿಗೆ ಹೀಗಾದರೆ ಯಾರ ಕೈಗುಣ ಅನ್ನಬೇಕು, ನೀನೇ ಹೇಳು.

ಮೊನ್ನೆ ಕಪಿಲ ಬ್ಲೀಚಿಂಗ್ ಪೌಡರಿನ ಡಬ್ಬಿ ತಂದ. ನಾನು ಬಾವಿಯ ಕಟ್ಟೆಯ ಮೇಲೆ ಕೂತು, 'ಮೊದಲ ನನ್ನ ಮ್ಯಾಲ ಸುರಿ' ಅಂದೆ. ನಿಮ್ಮಪ್ಪ, 'ಮೋಟರ್ ಹಚ್ಚಿ ನೀರೆಲ್ಲ ಕಬ್ಬಿಗೆ ಬಿಟ್ಟರಾತು, ಹೊಸಾ ನೀರು ಬರತೈತಿ' ಅಂದರು. ಬಿಸಿಲಿಗೆ ಒಣಗಿಸಿ ಕೊಲ್ಲುವುದೂ ಕೊಲ್ಲುವುದೇ. ಲೆಕ್ಕವಿಲ್ಲದಷ್ಟು ಜೀವ ತೆಗೆದು, ಆ ನೀರಿನಲ್ಲಿ ಅನ್ನ ಮಾಡಿ, ಅಹಿಂಸೆಯೇ ಧರ್ಮ ಎನ್ನುವವರ ಅಂಗೈಯಲ್ಲಿ ಇಡಲೇ? ನನ್ನಿಂದಾಗದು. ಹಾಗೆಂದು ಈ ನೀರು ಕೊಡಲಿಕ್ಕೂ ಆಗದು. ಇತ್ತ ದರಿ, ಅತ್ತ ಪುಲಿ. ಪಂಚರು ವಾರಕ್ಕೊಮ್ಮೆ ಬಂದು ಬಾವಿಗೆ ಬಗ್ಗಿ, ನನ್ನ ಮುಖ ನೋಡಿ ಹೋಗುತ್ತಾರೆ.

ಅವ್ವ


ಬೀಳಗಿ
13 ಮೇ 2007

ಅವ್ವಾ,

ನಿನ್ನ ಕಾಗದ ಓದಿದ ಮೇಲೆ ನಾನು ಕಾಗದ ಬರೆಯದೆ ಬನಹಟ್ಟಿಗೆ ಹೋದೆ. ಸಾಲೆಗೆ ರಜೆ ಇತ್ತು.

ತ್ರಿಶಲಾ ಬಡವಾಗಿದ್ದಾಳೆ. ಅಪ್ಪನ ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆಗಳ ಮಡಿಕೆ ಸರಿಮಾಡುತ್ತ ಕೂತಿದ್ದಳು. ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ಅವಳಂದದ್ದು ನನಗೆ ಕೇಳದು, ನಾನಂದದ್ದು ಅವಳಿಗೆ ಕೇಳದು. ಚಹಾ ಕುಡಿದೆವು, ನನ್ನ ಕಿವಿಯ ಹತ್ತಿರ ಬಗ್ಗಿ ಕಪಿಲನ ಕೆಮ್ಮು ವಿಚಾರಿಸಿದಳು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ನಾನು ನೇರ ಕೇಳಿದೆ, ಟಾಕಿಯ ನೀರು ಸೋಸಿದ ಅರಿವೆಯ ಬಗ್ಗೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. 'ಅಕ್ಕಾ, ಟಾಕಿ ನೀರು ಬಂದ ದಿನಾನ ನಾ ಕೇಳಿದ್ನಿ, ಅತ್ತಿ, ಈ ಅರಿವಿ ಎಲ್ಲಿ ತಿರುವ್ಲಿ ಅಂತ. ಬಾವ್ಯಾಗ ಬಿಡು, ನೀರಿಗೆ ನೀರು ಕೂಡತೈತಿ ಅಂದ್ರು. ಹೊಳಿ ಜೀವ ಬಾವಿಗಿ ಹೊಂದ್ತಾವೇನ್ರಿ ಅಂತ ಕೇಳಿದ್ನಿ. ಬಾಳ ಶ್ಯಾಣ್ಯಾಕಿ ಬಂದ್ಲು ನೋಡು ಅಂತ ನಕ್ಕರು. ನಾನೂ ನಕ್ಕು ಬಿಟ್ನಿ.'

'ಮತ್ತ ಅವತ್ತ ಮಂದಿ ಮುಂದ ಯಾಕ ಹೇಳ್ಲಿಲ್ಲ?' ಎಂದೆ.

'ಮಂದಿ ಮುಂದ ಹ್ಯಾಂಗ ಹೇಳ್ಲಿ, ಅಕ್ಕಾ? ಅವರ ಮಾರಿ ಸಣ್ಣದಾಗೂದು ನೋಡಿ ನಾ ಆ ಮನ್ಯಾಗ ಹ್ಯಾಂಗ ಇರ್ಲಿ?'

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಮತ್ತೆ ಶುರುವಾದವು.

ಅವ್ವಾ, ಹೊಸದೇನೂ ಬಿದ್ದಿಲ್ಲ ಎಂದು ಬರೆದು, ಅದೇ ಕಾಗದದಲ್ಲಿ ಎಲ್ಲವನ್ನೂ ನೀನೇ ಹೇಳಿಬಿಟ್ಟಿದ್ದೀ. ಹೊಳೆಯಲ್ಲಿ ಹರಿಯುವ ನೀರಿಗೆ, ಅಲ್ಲಿನ ಮೀನಿಗೆ ಹೊಂದಿಕೊಂಡಿದ್ದವರನ್ನು ದಿನಾ ಒಂದು ಬಟ್ಟಲಿನಷ್ಟು ತಂದು ನಿಂತ ನೀರಿಗೆ ಬಿಟ್ಟಿರಿ. ಅಲ್ಲಿ ಅವರನ್ನು ತಿನ್ನುವವರು ಇರಲಿಲ್ಲ, ಹೆಚ್ಚಿದರು. ಬಾವಿಯ ಹಳಬರಿಗೆ ಇವರ ಜೊತೆ ಬದುಕಿ ಗೊತ್ತಿರಲಿಲ್ಲ, ಸತ್ತರು. ಇದರಲ್ಲಿ ಪಾಪ ಮಾಡಿದವರು ಯಾರೂ ಇಲ್ಲ. ಬಾವಿ ಕೆಟ್ಟದ್ದು ನಿನ್ನ ದಯೆಯಿಂದ. ಆದರೆ ತವರು ಸೇರಿದ್ದು ತ್ರಿಶಲಾ.

ನೀನು ಕಳಿಸಿದ ಬಾಟಲಿ ನಮ್ಮ ಪ್ರಯೋಗಶಾಲೆಯ ಕಿಟಕಿಯಲ್ಲಿದೆ. ಹಸಿರಾಗಿ ನಾರುತ್ತಿದೆ. ಜೊತೆಯ ಶಿಕ್ಷಕಿ ಸಿದ್ದಕ್ಕ, 'ಒಗೀರಿ ಅತ್ಲಾಗ' ಎಂದು ಗದರಿದರು. ಚೆಲ್ಲಲು ಕೈ ಬರಲಿಲ್ಲ. ನಿನ್ನ ಮಗಳೇ ತಾನೇ.

ಉಜ್ವಲಾ


ಬೀಳಗಿ
24 ಜೂನ್ 2007

ಅವ್ವಾ,

ನಿನ್ನ ಉತ್ತರ ಇಲ್ಲ. ಕಪಿಲನಿಗೆ ಫೋನು ಮಾಡಿದರೆ, 'ಅವ್ವ ಯಾರ ಜೋಡೀನೂ ಮಾತಾಡಾಕತ್ತಿಲ್ಲ, ಬಾವಿ ಕಟ್ಟಿ ಮ್ಯಾಲ ಕುಂತಿರತಾಳ' ಅನ್ನುತ್ತಾನೆ. ಸಿಟ್ಟು ನನ್ನ ಮೇಲಿರಲಿ. ನನಗೆ ಅಭ್ಯಾಸವಿದೆ.

ಒಂದು ಸುದ್ದಿ ಹೇಳಲು ಬರೆಯುತ್ತಿದ್ದೇನೆ. ರಜೆ ಮುಗಿಸಿ ಸಾಲೆ ತೆರೆದ ದಿನ ಕಿಟಕಿಯ ಬಾಟಲಿ ನೋಡಿದೆ. ತಿಳಿಯಾಗಿದೆ, ಅವ್ವಾ! ನಾನು ಅದರಲ್ಲಿ ಏನನ್ನೂ ಹಾಕಿಲ್ಲ, ತೆಗೆದಿಲ್ಲ. ತಳದಲ್ಲಿ ಕಂದು ಮಣ್ಣಿನಂಥದ್ದು ಕೂತಿದೆ. ಗಾಜಿಗೆ ಎಳ್ಳಿನಷ್ಟು ಬಸವನಹುಳುಗಳು ಅಂಟಿಕೊಂಡು ಪಾಚಿ ಮೇಯುತ್ತಿವೆ. ನೀನು ಕಳಿಸಿದಾಗ ಅವು ಮೊಟ್ಟೆಯಾಗಿದ್ದಿರಬೇಕು. ನೀರು ನಾರುತ್ತಿಲ್ಲ. ಆದರೆ ಇದು ಮೊದಲಿನ ಬಾವಿಯ ನೀರಲ್ಲ, ಹೊಳೆಯ ನೀರೂ ಅಲ್ಲ. ಕಲಕಿ, ಕೊಳೆತು, ಮೂರನೆಯದೇ ಒಂದು ಆಗಿದೆ. ನಾನು ಒಂದು ತಿಂಗಳು ಮೊದಲೇ ಚೆಲ್ಲಿದ್ದರೆ ಇದು ಸತ್ತ ನೀರೆಂದೇ ತಿಳಿದಿರುತ್ತಿದ್ದೆ.

ಬಾಟಲಿಯಲ್ಲಿ ಆದದ್ದು ಬಾವಿಯಲ್ಲೂ ಆಗುತ್ತದೆಂದು ಆಣೆ ಮಾಡಿ ಹೇಳಲಾರೆ. ದೊಡ್ಡದಕ್ಕೆ ತನ್ನದೇ ಹಟ ಇರುತ್ತದೆ. ಆಗದೆಯೂ ಇರಬಹುದು. ಇಲ್ಲಿ ಅನಗವಾಡಿ ಕಡೆ ಹಿನ್ನೀರು ನಿಂತಾಗ ದಂಡೆಯ ಬೇವಿನ ಮರಗಳು ನಿಂತಲ್ಲೇ ಸತ್ತವು. ಈಗ ಆ ಒಣಕೊಂಬೆಗಳ ತುಂಬ ನೀರುಕಾಗೆಗಳ ಗೂಡು. ಮಕ್ಕಳಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ, ಅವರಿಗೆ ಬಹಳ ಖುಷಿಯಾಯಿತು. ಬೇವಿನ ಮರಕ್ಕೆ ಅದರಿಂದೇನೂ ಸಮಾಧಾನವಿಲ್ಲ, ನನಗೆ ಗೊತ್ತು. ಕಲಕಿದ್ದೆಲ್ಲ ಒಳ್ಳೆಯದಕ್ಕೇ ಎಂದು ಹೇಳುವ ಧೈರ್ಯ ನನಗಿಲ್ಲ. ಕಲಕಿದ ಕೂಡಲೇ ಕೆಟ್ಟಿತೆಂದು ಚೆಲ್ಲಬೇಡ ಅನ್ನುತ್ತೇನೆ, ಅಷ್ಟೇ.

ಮುಧೋಳದ ಮನೆಯನ್ನು ನಾನೇಕೆ ಬಿಟ್ಟೆನೆಂದು ನೀನು ಎಂದೂ ಕೇಳಲಿಲ್ಲ. ಹೊಡೆದನೇ, ಕುಡಿಯುತ್ತಿದ್ದನೇ ಎಂದು ಅಪ್ಪ ಕೇಳಿದರು. ಎರಡೂ ಇಲ್ಲವೆಂದಾಗ ಅವರಿಗೆ ಮುಂದೆ ಕೇಳಲು ತಿಳಿಯಲಿಲ್ಲ. ಅವನು ನನ್ನ ಜೊತೆ ಮಾತಾಡುತ್ತಿರಲಿಲ್ಲ, ಅವ್ವಾ. ವರ್ಷಗಟ್ಟಲೆ. ಉಪ್ಪು ಬೇಕಾದರೂ ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದ. ಆ ಮನೆಯಲ್ಲಿ ಒಂದು ದಿನವೂ ಜಗಳವಾಗಿಲ್ಲ. ಬಂದವರೆಲ್ಲ ಎಂಥ ಶಾಂತ ಮನೆ ಅನ್ನುತ್ತಿದ್ದರು. ನೀನೂ ಅಂದಿದ್ದೆ.

ನನಗೆ ಉತ್ತರ ಬರೆಯದಿದ್ದರೂ ಸರಿ. ತ್ರಿಶಲಾಳನ್ನು ಕರೆದುಕೊಂಡು ಬಾ.

ಉಜ್ವಲಾ


ತೇರದಾಳ
5 ಆಗಸ್ಟ್ 2007

ಉಜ್ವಲಾ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ಒಲೆಗೆ ಹಾಕಬೇಕೆಂದಿದ್ದೆ. ದಯೆ ಎಂದು ಬರೆದೆಯಲ್ಲ, ಅದು ಚುಚ್ಚಿತು. ಪಾಪ ಎಂದು ಬರೆದಿದ್ದರೆ ಪ್ರಾಯಶ್ಚಿತ್ತ ಮಾಡಿ ಮುಗಿಸುತ್ತಿದ್ದೆ. ದಯೆಗೆ ಏನು ಪ್ರಾಯಶ್ಚಿತ್ತ?

ಬಹಳ ದಿನ ನಿನ್ನ ಜೊತೆ ಮನಸ್ಸಿನಲ್ಲೇ ಜಗಳಾಡಿದೆ. ಆಮೇಲೆ ನಿಯಮವನ್ನೇ ನೆನೆದುಕೊಂಡೆ. ಯಾವ ನೀರಿನಿಂದ ಬಂದ ಜೀವವೋ ಅದೇ ನೀರಿಗೆ ಬಿಡಬೇಕು. ಹಿರಿಯರು ಇಷ್ಟು ಸ್ಪಷ್ಟವಾಗಿ ಹೇಳಿಟ್ಟಿದ್ದಾರೆ. ನಾನು ಅರ್ಧ ಪಾಲಿಸಿ, ಉಳಿದರ್ಧಕ್ಕೆ ನನ್ನ ಜಾಣತನ ಸೇರಿಸಿದೆ. ತಮಾಷೆ ಕೇಳು, ಕಪಿಲ ಮೋಟರ್ ನೋಡಲು ದಿನಾ ಬೈಕಿನಲ್ಲಿ ಹೊಳೆಗೆ ಹೋಗುತ್ತಾನೆ! ಒಂದು ತಂಬಿಗೆ ಅವನ ಕೈಯಲ್ಲಿ ಕೊಟ್ಟಿದ್ದರೆ ಮುಗಿದಿತ್ತು. ಮಗ ದಿನಾ ಹೊಳೆಗೆ ಹೋಗುವುದು ಕಾಣಲಿಲ್ಲ, ಸೊಸೆಯ ಕೈ ಕಂಡಿತು. ಈಗ ತಂಬಿಗೆ ಹೋಗುತ್ತದೆ. ಮೊದಲ ಸಲ ನಾನೇ ತೊಡೆಯ ಮೇಲೆ ತಂಬಿಗೆ ಇಟ್ಟುಕೊಂಡು ಬೈಕಿನ ಹಿಂದೆ ಕೂತು ಹೋದೆ. ದಾರಿಯಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದವರು ಗುದ್ದಲಿ ಬಿಟ್ಟು ನೋಡಿದರು. ನೋಡಲಿ.

ಅದೇ ವಾರ ಬನಹಟ್ಟಿಗೆ ಹೋದೆ. ತ್ರಿಶಲಾಳ ಅಪ್ಪ ಕುರ್ಚಿ ಹಾಕಿ ನೀರು ಕೊಟ್ಟರು. ನಾನು ಕೂಡಲಿಲ್ಲ. 'ಓಣ್ಯಾಗಿನ ನಾಕ ಹೆಣಮಕ್ಕಳನ್ನ ಕರೀರಿ' ಅಂದೆ. ಅವರು ಗಾಬರಿಯಾದರು, ಮತ್ತೇನು ಜಗಳ ತಂದಳೋ ಎಂದು. ಬಂದವರ ಮುಂದೆ ಹೇಳಿದೆ: 'ಈ ಹುಡಿಗಿ ಬಾವಿ ಕೆಡಿಸ್ಯಾಳಂತ ನಾ ಮಂದಿ ಮುಂದ ಅಂದಿದ್ನಿ. ಬಾವಿ ಕೆಡಿಸಿದಾಕಿ ನಾನು. ಮಂದಿ ಮುಂದ ಆಡಿದ ಮಾತು ಮಂದಿ ಮುಂದನ ತಗೀಬೇಕು.' ಈ ವಯಸ್ಸಿಗೆ ನನ್ನ ಮುಖ ಸಣ್ಣದಾಯಿತು, ಆದರೂ ಸತ್ತು ಹೋಗಲಿಲ್ಲ.

ತ್ರಿಶಲಾ ಅಳಲಿಲ್ಲ. 'ಬರ್ತೀನ್ರಿ ಅತ್ತಿ. ಖರೆ, ಹಗ್ಗ ನನ್ನ ಕೈಯಾಗ ಇರಬೇಕು. ನಾ ಕೇಳಿದ್ದಕ್ಕ ನಗಬಾರ್ದು' ಎಂದಳು. ಒಪ್ಪಿದೆ. ಎರಡನೆಯದು ಕಷ್ಟ, ನನಗೆ ನಗು ತಾನಾಗಿ ಬರುತ್ತದೆ. ಸೆರಗು ಅಡ್ಡ ಹಿಡಿಯುತ್ತೇನೆ.

ಮರುದಿನ ಪಂಚರನ್ನು ಕರೆಸಿ, ನಮ್ಮ ಬಾವಿ ಈ ಸಲ ಆಗದು, ಕಾರಣ ಇದು, ಎಂದು ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಮಹಾರಾಜರು ಬರುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಆಗ ಬಾಗಿಲ ಮರೆಯಿಂದ ತ್ರಿಶಲಾ, 'ಬಸದಿ ಹಿಂದ ಒಂದು ಹೂತ ಬಾವಿ ಐತೆಲ್ರಿ? ಈಗ ಎಲ್ಲಾ ಕಡೆ ಕಬ್ಬಿಗಿ ನೀರು ಬಿಟ್ಟು ಒರತಿ ಮ್ಯಾಲ ಬಂದಾವ. ಹೂಳ ತಗದ ನೋಡಬಾರದ್ಯಾಕ್ರಿ?' ಎಂದಳು. ನಾವೆಲ್ಲ ಅದರ ಮೇಲೆ ನಿರ್ಮಾಲ್ಯದ ಹೂವು ಹಾಕಿಕೊಂಡು ಬಂದವರು. ನಮ್ಮ ಬಾವಿ ಇತ್ತಲ್ಲ, ಬೇರೆ ಬಾವಿಯ ನೆನಪೇ ಯಾರಿಗೂ ಬೇಕಿರಲಿಲ್ಲ. ಊರಿನ ಹುಡುಗರು ಇಳಿದರು. ಮೊದಲು ಮಣ್ಣು ಬಂತು, ಹಂಚು ಬಂತು, ಆಮೇಲೆ ಹಸಿ ಬಂತು. ಆ ಸುದ್ದಿ ಕೇಳಿ ಬಸದಿ ಓಣಿಯ ಅನಸವ್ವನ ಮನೆಯವರೂ ತಮ್ಮ ಹಳೆಯ ಬಾವಿಯ ಕಸ ತೆಗೆಸಿದ್ದಾರೆ.

ಮಹಾರಾಜರು ಬಂದಿದ್ದಾರೆ. ಆಹಾರ ಬಸದಿಯ ಬಾವಿಯ ನೀರಿನಲ್ಲಿ ನಡೆಯುತ್ತಿದೆ. ಮೊದಲ ದಿನ ನಾನು ಎಲ್ಲರ ಹಿಂದೆ ನಿಂತಿದ್ದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರ ಮಾನ ನಮ್ಮ ಬಾವಿಯಲ್ಲಿತ್ತು, ಈಗ ಅದನ್ನು ಮೂರು ಬಾವಿಗೆ ಹಂಚಿದ್ದಾರೆ.

ನಿನ್ನ ಎರಡನೆಯ ಕಾಗದದ ಕೊನೆಯ ಭಾಗವನ್ನೂ ಓದಿದೆ. ಉಪ್ಪಿನದು. ಅದಕ್ಕೆ ಈಗ ಉತ್ತರ ಬರೆಯಲಾರೆ.

ಅವ್ವ


ಬೀಳಗಿ
16 ಸೆಪ್ಟೆಂಬರ್ 2007

ಅವ್ವಾ,

ಬೈಕಿನ ಹಿಂದೆ ಕೂತ ನಿನ್ನನ್ನು ನೆನೆದು ತರಗತಿಯಲ್ಲೇ ನಕ್ಕುಬಿಟ್ಟೆ. ಸೆರಗು ಅಡ್ಡ ಹಿಡಿಯುವುದು ನಮ್ಮ ಮನೆತನಕ್ಕೇ ಬೇಕೆಂದು ಕಾಣುತ್ತದೆ. ತ್ರಿಶಲಾ ಫೋನು ಮಾಡಿದ್ದಳು. ದನಿಯಲ್ಲಿ ಗೆಲುವಿತ್ತು. ಹೊಸ ಹಗ್ಗ ತಂದಿದ್ದಾಳಂತೆ.

ಕಿಟಕಿಯ ಬಾಟಲಿ ಹಾಗೇ ಇದೆ. ಬಸವನಹುಳುಗಳು ದೊಡ್ಡವಾಗಿವೆ, ಗಾಜು ಅವಕ್ಕೆ ಸಾಲುತ್ತಿಲ್ಲ.

ಬಾವಿ ಈಗ ಹೇಗಿದೆ ಎಂದು ಬರೆಯಲೇ ಇಲ್ಲ ನೀನು. ಒಮ್ಮೆ ಬಗ್ಗಿ ನೋಡಬೇಕು ಅನ್ನಿಸುತ್ತಿದೆ. ಬೀಳಗಿಯಿಂದ ಕಾಣುವುದಿಲ್ಲ.

ಉಜ್ವಲಾ


ತೇರದಾಳ
28 ಅಕ್ಟೋಬರ್ 2007

ಉಜ್ವಲಾ,

ಬಾವಿ ತಿಳಿಯಾಗಿದೆ.

ಒಂದೇ ದಿನಕ್ಕೆ ಆದದ್ದಲ್ಲ. ಮಳೆ ಬಂದು ನೀರು ಏರಿತು. ಹಸಿರು ಕಂದಾಯಿತು, ಕಂದು ತಳಕ್ಕೆ ಇಳಿಯಿತು. ದಸರೆಯ ಹೊತ್ತಿಗೆ ಮೊದಲ ಮೆಟ್ಟಿಲು ಕಂಡಿತು. ಮೊನ್ನೆ ತ್ರಿಶಲಾ ಕೂಗಿದಳು, 'ಅತ್ತಿ, ಬಿರುಕು ಕಾಣಾಕತ್ತೈತಿ ಬರ್ರಿ!' ಓಡಿದೆ. ಬಿರುಕು ಕಂಡಿತು. ಆದರೆ ಅದು ನನ್ನ ಬಾವಿಯಲ್ಲ. ಮೆಟ್ಟಿಲ ತುಂಬ ನಿನ್ನ ಬಸವನಹುಳುಗಳು. ಹಳೆಯ ಮೀನುಗಳಲ್ಲಿ ನಾಲ್ಕಾರು ಉಳಿದಿದ್ದಿರಬೇಕು, ಅವುಗಳ ಮರಿ ಎಷ್ಟಿವೆಯೋ! ನೀರಿನ ರುಚಿ ಬೇರೆಯಾಗಿದೆ. ತ್ರಿಶಲಾ ಸಿಹಿ ಅನ್ನುತ್ತಾಳೆ. ನನಗೆ ಹಳೆಯದೇ ಸಿಹಿಯಾಗಿತ್ತು. ಅದು ಇನ್ನು ಸಿಗುವುದಿಲ್ಲ. ಒಂದು ಸಂಜೆ ಅದಕ್ಕಾಗಿ ಕಣ್ಣೀರು ಹಾಕಿದೆ ಕೂಡ. ಮರುದಿನ ಇದೇ ನೀರಿನಲ್ಲಿ ಬೇಳೆ ಬೇಯಿಸಿದೆವು, ಚೆನ್ನಾಗಿ ಬೆಂದಿತು.

ಪಂಚರು ಬಂದು ಬಗ್ಗಿ ನೋಡಿ ಒಪ್ಪಿದರು. ದೀಪಾವಳಿಗೆ ಮೊದಲು, ನವೆಂಬರ್ ಐದಕ್ಕೆ, ಆಹಾರಕ್ಕೆ ನಾವೂ ಬಾಗಿಲಲ್ಲಿ ನಿಲ್ಲುತ್ತೇವೆ, ನಮ್ಮ ಬಾವಿಯ ನೀರಿನ ಅಡುಗೆ ಇಟ್ಟುಕೊಂಡು. ಮಹಾರಾಜರು ನಮ್ಮ ಮನೆಗೇ ಬರುತ್ತಾರೆಂದಲ್ಲ. ಮನಸ್ಸಿನಲ್ಲಿ ಏನು ಸಂಕಲ್ಪ ಮಾಡಿಕೊಂಡು ಹೊರಡುತ್ತಾರೋ, ಅದು ಕಂಡ ಬಾಗಿಲಲ್ಲಿ ನಿಲ್ಲುತ್ತಾರೆ. ಬರದಿದ್ದರೂ ನಿಲ್ಲುವುದು ನಮ್ಮ ಕೆಲಸ. ತ್ರಿಶಲಾ, ಕಪಿಲ ಒಂದು ಬದಿ. ನಾನು ಇನ್ನೊಂದು ಬದಿ. ನನ್ನ ಪಕ್ಕ ನೀನು.

ಗಂಡನನ್ನು ಬಿಟ್ಟು ಬಂದ ಮಗಳು ನಿಲ್ಲಬಹುದೇ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಟ್ಟಾರು.

ಉಪ್ಪಿನ ಮಾತು ಓದಿದ ದಿನದಿಂದ ನನಗೆ ಊಟ ಸರಿಯಾಗಿ ಹೋಗಿಲ್ಲ. ಎಂಥ ಶಾಂತ ಮನೆ ಎಂದು ನಾನೇ ಅಂದಿದ್ದೆ, ನೆನಪಿದೆ. ನೀನು ನನ್ನೆದುರಿಗೇ ಕೂತಿದ್ದೆ, ಆಗ ನಿನ್ನ ಮುಖ ನೋಡಲಿಲ್ಲ ನಾನು. ನಿಂತ ನೀರು ಕಲಕಬಾರದು ಎಂದು ಹೇಳಿ ನಿನ್ನನ್ನು ಮತ್ತೆ ಬಸ್ಸು ಹತ್ತಿಸಿದೆ. ಆ ಮಾತನ್ನೂ ಮಂದಿಯ ಮುಂದೆಯೇ ತೆಗೆಯಬೇಕು. ಅದಕ್ಕೆ ಹೇಳುತ್ತಿದ್ದೇನೆ ಕೇಳು.

ನಾಲ್ಕನೇ ತಾರೀಖು ಬಾ. ಮಧ್ಯಾಹ್ನದ ಬಸ್ಸಿಗೇ ಬಾ. ಅಂದು ರವಿವಾರ, ಬಸ್ಸು ನಿಲ್ಲುವ ಕಟ್ಟೆ ತುಂಬ ಜನ ಇರುತ್ತಾರೆ. ಅವರೆದುರೇ ಇಳಿ. ನಾನೂ ಅವರ ನಡುವೆಯೇ ಕೂತಿರುತ್ತೇನೆ. ನಿನ್ನ ಚೀಲ ನಾನು ಹಿಡಿಯುತ್ತೇನೆ. ಕಾಗದ ತಲುಪುವ ಹೊತ್ತಿಗೆ ಫೋನೂ ಮಾಡುತ್ತೇನೆ, ಪಡಸಾಲೆಯಿಂದಲೇ, ನಿಮ್ಮಪ್ಪನ ತಲೆದಿಂಬಿನ ಪಕ್ಕದಿಂದ.

ಕಿಟಕಿಯಲ್ಲಿರುವ ಆ ಬಾಟಲಿಯನ್ನು ಮರೆಯದೆ ತಾ. ಅದರೊಳಗಿನವರು ಈ ಬಾವಿಯವರು. ಎಷ್ಟು ದಿನ ಹೊರಗಿದ್ದರೂ, ಎಲ್ಲಿಂದ ಹೋದರೋ ಅಲ್ಲಿಗೇ ಮರಳಿ ತಂದು ಬಿಡಬೇಕು. ನಿಯಮ ಇರುವುದೇ ಹಾಗೆ.

ಕಟ್ಟೆಯ ಮೇಲೆ ಕಾಯುವ,
ನಿನ್ನ ಅವ್ವ